ನಲವತ್ತೈದರ ಗೆರೆ

ಕೌಶಲ ತರಬೇತಿಯ ಮಾತೆತ್ತಿದರೆ ಸಾಕು, ಕಡತದಿಂದ ಹಿಡಿದು ಭಾಷಣದವರೆಗೆ ಎಲ್ಲೆಲ್ಲೂ ‘ಯುವಜನ’. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಗೆ ಚಾಲನೆ ಸಿಕ್ಕಿದ್ದೇ 2015ರ ಜುಲೈ 15ರಂದು, ವಿಶ್ವ ಯುವ ಕೌಶಲ ದಿನದಂದು. ಜಾಹೀರಾತು ಫಲಕಗಳಲ್ಲಿ ನಗುವುದು ಇಪ್ಪತ್ತರ ಮುಖಗಳೇ. ಇದರ ಹಿಂದೆ ಯಾರೂ ಕೆದಕಿ ನೋಡದ ಒಂದು ನಂಬಿಕೆ ಇದೆ: ಕಸುಬು ಕಲಿಯುವುದಕ್ಕೆ ಒಂದು ವಯಸ್ಸುಂಟು, ಅದು ಮೀರಿದವರಿಗೆ ಕಲಿಸಲು ಹೊರಟರೆ ದುಡ್ಡು ದಂಡ. ಸರ್ಕಾರ ಇದನ್ನು ನಿಯಮವಾಗಿ ಬರೆದಿಟ್ಟಿದೆ. ಸೆಲೂನ್ ಮಾಲೀಕರು ಬರೆಯದೆಯೇ ಪಾಲಿಸುತ್ತಾರೆ. ‘ಈ ವಯಸ್ಸಲ್ಲಿ ಇದೆಲ್ಲ ಬೇಕಾ?’ ಎಂದು ಮನೆಯವರೂ ಅದನ್ನೇ ಹೇಳಿ ಮುಗಿಸುತ್ತಾರೆ.

ಈ ನಂಬಿಕೆ ತಪ್ಪು. ಎಷ್ಟು ತಪ್ಪು ಎಂಬುದನ್ನು ತಿಳಿಯಲು ತಲೆಗೂದಲ ಕಸುಬಿನತ್ತ ನೋಡಿದರೆ ಸಾಕು. ಇದಕ್ಕೆ ವರ್ಷಗಟ್ಟಲೆ ಓದು ಬೇಡ. ಕತ್ತರಿ, ಬಾಚಣಿಗೆ, ಡ್ರೈಯರ್, ಒಂದು ಕನ್ನಡಿ, ಒಂದು ಕುರ್ಚಿಯಿಂದ ಶುರು ಮಾಡಬಹುದು. ನಿವೃತ್ತಿಯ ವಯಸ್ಸು ಇಲ್ಲ. ಗಿರಾಕಿಗಳು ಮೂರು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯವರೆಗೆ. ಮಕ್ಕಳು ದೊಡ್ಡವರಾದ ಮೇಲೆ ದುಡಿಯಲು ಹೊರಟ ಹೆಂಗಸಿಗೆ, ಗಾರ್ಮೆಂಟ್ ಕಾರ್ಖಾನೆಯ ಟಾರ್ಗೆಟ್ಟಿಗೆ ಸಾಕಾಗಿ ಹೊರಬಂದವಳಿಗೆ, ಗಂಡನನ್ನು ಕಳೆದುಕೊಂಡವಳಿಗೆ ಇದಕ್ಕಿಂತ ಹೊಂದುವ ಕೆಲಸಗಳು ಹೆಚ್ಚಿಲ್ಲ. ಅಂಥವಳು ಬಾಗಿಲಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಮಾತ್ರ ‘ವಯಸ್ಸೆಷ್ಟು?’

ಮೊದಲು ನಿಯಮಗಳನ್ನು ನೋಡೋಣ. ಕೌಶಲ ವಿಕಾಸ ಯೋಜನೆಯ ಈಗಿನ ನಾಲ್ಕನೇ ಆವೃತ್ತಿಯಲ್ಲಿ ಹೊಸದಾಗಿ ಕಲಿಯುವವರ ವಯಸ್ಸು 15ರಿಂದ 45. ಜನ ಶಿಕ್ಷಣ ಸಂಸ್ಥಾನಗಳಲ್ಲೂ ಸಾಮಾನ್ಯವಾಗಿ 15ರಿಂದ 45. ಗ್ರಾಮೀಣರಿಗೆಂದೇ 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ 15ರಿಂದ 35. ಹೆಂಗಸರಿಗೆ, ಅಂಗವಿಕಲರಿಗೆ ಮತ್ತು ಇನ್ನು ಕೆಲವರಿಗೆ 45ರವರೆಗೆ ರಿಯಾಯಿತಿ. ಕರ್ನಾಟಕ 2017ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಕೇಂದ್ರಕ್ಕಿಂತಲೂ ಬಿಗಿ: 18ರಿಂದ 35. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆ ಮತ್ತು ಎರಡು ಬ್ಯಾಂಕುಗಳು ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿಗಳಿಗೆ ಊಟ, ವಸತಿಯೊಂದಿಗೆ ಉಚಿತವಾಗಿ ಕಸುಬು ಕಲಿಸಿ ದೇಶಕ್ಕೇ ಮಾದರಿಯಾಯಿತು. ಬ್ಯೂಟಿ ಪಾರ್ಲರ್ ತರಬೇತಿಯೂ ಅಲ್ಲುಂಟು. ಬಹುಕಾಲದಿಂದ ಅಲ್ಲಿಯೂ 18ರಿಂದ 45ರದ್ದೇ ಗೆರೆ.

ಈ ಸಾಲಿನಲ್ಲಿ ಹೆಚ್ಚು ವಿಚಿತ್ರ ಅಪ್ರೆಂಟಿಸ್ ವ್ಯವಸ್ಥೆಯದು. 1961ರ ಅಪ್ರೆಂಟಿಸ್ ಕಾಯ್ದೆ ಕನಿಷ್ಠ ವಯಸ್ಸನ್ನು ಮಾತ್ರ ಹೇಳುತ್ತದೆ: 14, ಅಪಾಯದ ಕೆಲಸಗಳಿಗೆ 18. ಗರಿಷ್ಠ ಎಂಬುದೇ ಅದರಲ್ಲಿಲ್ಲ. ಐವತ್ತರ ಹೆಂಗಸನ್ನು ಅಪ್ರೆಂಟಿಸ್ ಆಗಿ ಸೇರಿಸಿಕೊಂಡರೆ ಕಾನೂನಿನ ತಕರಾರಿಲ್ಲ. ಆದರೆ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ ಗರಿಷ್ಠ ₹1,500ರವರೆಗೆ, ಸರ್ಕಾರ ಭರಿಸುವ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯ ಎರಡನೇ ಆವೃತ್ತಿ 35ಕ್ಕೆ ನಿಂತುಬಿಡುತ್ತದೆ. ಕಾಯ್ದೆ ತೆರೆದ ಬಾಗಿಲನ್ನು ಖಜಾನೆ ಮುಚ್ಚಿತು. ಸಣ್ಣ ಸೆಲೂನಿಗೆ ತಿಂಗಳಿಗೆ ಸಾವಿರದೈನೂರು ಸಣ್ಣ ಮೊತ್ತವಲ್ಲ. ಇಬ್ಬರು ಅರ್ಜಿದಾರರ ಪೈಕಿ ಒಬ್ಬಳ ಜೊತೆ ಸರ್ಕಾರದ ಹಣ ಬರುತ್ತದೆ, ಇನ್ನೊಬ್ಬಳ ಜೊತೆ ಬರುವುದಿಲ್ಲ ಎಂದಾಗ ಮಾಲೀಕರು ಯಾರನ್ನು ಆರಿಸುತ್ತಾರೆ ಎಂದು ಕೇಳಬೇಕಾಗಿಲ್ಲ.

ಹಾಗಾದರೆ 45 ದಾಟಿದ ಕೈಗಳಲ್ಲಿ ಸರ್ಕಾರಕ್ಕೆ ನಂಬಿಕೆಯೇ ಇಲ್ಲವೇ? ಇದೆ. ಅದೇ ಕೌಶಲ ವಿಕಾಸ ಯೋಜನೆಯಲ್ಲಿ, ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವಿಭಾಗಕ್ಕೆ 18ರಿಂದ 59ರವರೆಗೆ ಅವಕಾಶವಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. ಅಲ್ಲಿ ಕನಿಷ್ಠ ವಯಸ್ಸು 18, ಗರಿಷ್ಠ ಇಲ್ಲವೇ ಇಲ್ಲ. ಐದಾರು ದಿನದ ಮೂಲ ತರಬೇತಿ, ಬೇಕಾದವರಿಗೆ 15 ದಿನದ ಮುಂದುವರಿದ ತರಬೇತಿ, ದಿನಕ್ಕೆ ₹500 ಭತ್ಯೆ, ಸಲಕರಣೆಗೆ ₹15,000, ಶೇ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ₹3 ಲಕ್ಷದವರೆಗೆ ಸಾಲ. ಅರವತ್ತರ ಕ್ಷೌರಿಕರೂ ಇದನ್ನೆಲ್ಲ ಪಡೆಯಬಹುದು, ಅವರು ಆ ಕಸುಬಿನಲ್ಲಿ ಮೊದಲೇ ಇದ್ದರೆ.

ಸರ್ಕಾರದ ವಾದ ಇಲ್ಲಿಯೇ ಕುಸಿಯುತ್ತದೆ. ಐವತ್ತೈದರ ಕೈ ಕತ್ತರಿ ಹಿಡಿಯಬಲ್ಲದು, ಆ ಕೈಗೆ ಪ್ರಮಾಣಪತ್ರ ಕೊಡಬಹುದು, ಹೊಸ ವಿಧಾನ ಹೇಳಿಕೊಡಬಹುದು, ಸಾಲವನ್ನೂ ಕೊಡಬಹುದು ಎಂದು ಒಪ್ಪಿಕೊಂಡ ಮೇಲೆ ನಲವತ್ತಾರರ ಹೊಸಬಳಿಗೆ ‘ನಿನ್ನ ಕೈ ಪಳಗದು’ ಎನ್ನಲು ಯಾವ ಆಧಾರ ಉಳಿಯಿತು? ಗೊತ್ತಿದ್ದವರಿಗೆ ಇನ್ನಷ್ಟು ಕಲಿಸುತ್ತೇವೆ, ಗೊತ್ತಿಲ್ಲದವರು ತಡವಾಗಿ ಬಂದರೆ ಕಲಿಸುವುದಿಲ್ಲ ಎಂಬುದು ಇದರ ಅರ್ಥ. ದೇಹದ ಶಕ್ತಿಗೂ ಈ ಗೆರೆಗೂ ಸಂಬಂಧವಿಲ್ಲ. ಲೆಕ್ಕದ ಪುಸ್ತಕದಲ್ಲಿ ಎಳೆದ ಗೆರೆ ಇದು.

ವಿಶ್ವಕರ್ಮ ಯೋಜನೆಯ ಇನ್ನೊಂದು ಷರತ್ತನ್ನೂ ಗಮನಿಸಬೇಕು: ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದರೆ ಒಂದು ಕುಟುಂಬ. ಅಂಗಡಿ ನಡೆಸುವ ಗಂಡ ಹೆಸರು ಬರೆಸಿದ ಮೇಲೆ, ಪಕ್ಕದಲ್ಲೇ ಹೆಂಗಸರ ವಿಭಾಗ ತೆರೆಯಲು ಬಯಸುವ ಹೆಂಡತಿಗೆ ಆ ದಾರಿ ಮುಚ್ಚಿತು. ಪರಂಪರೆಯಿಂದ ಈ ಕಸುಬನ್ನು ಕಾಪಾಡಿಕೊಂಡು ಬಂದ ಸವಿತಾ ಸಮಾಜದ, ಹಡಪದ ಸಮಾಜದ ಮನೆಗಳ ನಡುವಯಸ್ಸಿನ ಹೆಂಗಸರೂ ಹೀಗೆ ಹೊರಗುಳಿಯುತ್ತಾರೆ. ಸುಗ್ಗಿಯಲ್ಲಿ ಧಾನ್ಯದ ಆಯ ಪಡೆದು ಊರಿನ ಕ್ಷೌರ ಮಾಡುತ್ತಿದ್ದ ಕಾಲದಲ್ಲಿ ವಿದ್ಯೆ ಹರಿದದ್ದು ಅಪ್ಪನಿಂದ ಮಗನಿಗೆ. ಹಳೆಯ ವ್ಯವಸ್ಥೆ ಹೆಣ್ಣಿಗೆ ಕೊಡದ ಕತ್ತರಿಯನ್ನು ಹೊಸ ಯೋಜನೆಯೂ ಕೊಡಲಿಲ್ಲ.

ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿಯ ಗಡಿಯಾಚೆಗೆ ಒಂದು ಉದಾಹರಣೆ ಇದೆ. ಕೊಲ್ಹಾಪುರ ಜಿಲ್ಲೆಯ ಹಸುರಸಾಸಗಿರಿ ಗ್ರಾಮದ ಶಾಂತಾಬಾಯಿ ಯಾದವ್ ಅವರನ್ನು ದೇಶದ ಮೊದಲ ಮಹಿಳಾ ಕ್ಷೌರಿಕರೆಂದು ಪತ್ರಿಕೆಗಳು ಗುರುತಿಸಿವೆ. 1984ರಲ್ಲಿ ಗಂಡ ತೀರಿಹೋದಾಗ ಅವರ ಕೈಯಲ್ಲಿ ನಾಲ್ಕು ಹೆಣ್ಣುಮಕ್ಕಳಿದ್ದರು; ವಯಸ್ಸು ನಲವತ್ತರ ಆಸುಪಾಸು. ಕೂಲಿಯಿಂದ ಹೊಟ್ಟೆ ತುಂಬದಾದಾಗ, ಗಂಡನ ಕಸುಬನ್ನೇ ಹಿಡಿ ಎಂದು ಊರಿನ ಹಿರಿಯರೊಬ್ಬರು ಹುರಿದುಂಬಿಸಿದರು. ಶಾಂತಾಬಾಯಿ ಕತ್ತಿ ಹಿಡಿದರು. ಮೊದಮೊದಲು ಜನ ನಕ್ಕರು. ಆಮೇಲೆ ಸುತ್ತಲ ಹಳ್ಳಿಗಳ ಗಂಡಸರು ಅದೇ ಕೈಗೆ ಕೆನ್ನೆಯೊಡ್ಡಿದರು. ಎಮ್ಮೆಗಳ ಮೈಕೂದಲನ್ನೂ ಅವರು ಬೋಳಿಸುತ್ತಿದ್ದರು. ಆ ದುಡಿಮೆಯಲ್ಲೇ ಹೆಣ್ಣುಮಕ್ಕಳ ಮದುವೆಯಾಯಿತು, ದಶಕಗಳ ಕಾಲ ಸಂಸಾರ ನಡೆಯಿತು. ಇಂದಿನ ಕರ್ನಾಟಕದ ಕೌಶಲ ಯೋಜನೆಯ ಅರ್ಜಿಯನ್ನು ಅವರ ಮುಂದಿಟ್ಟಿದ್ದರೆ ವಯಸ್ಸಿನ ಕಲಂನಲ್ಲೇ ತಿರಸ್ಕೃತವಾಗುತ್ತಿತ್ತು.

ಅವರ ಕಥೆಯನ್ನು ‘ಛಲವಿದ್ದರೆ ಎಲ್ಲವೂ ಸಾಧ್ಯ’ ಎಂಬ ಉಪದೇಶಕ್ಕೆ ಬಳಸುವುದು ಸುಲಭ. ಅದು ಅವರಿಗೆ ಮಾಡುವ ಅನ್ಯಾಯ. ಅವರ ಮನೆಯಲ್ಲಿ ಕತ್ತಿ ಇತ್ತು, ಊರಿನಲ್ಲಿ ಆ ಕಸುಬಿನವರು ಬೇರೆ ಇರಲಿಲ್ಲ, ಬೆನ್ನಿಗೆ ನಿಂತು ಮೊದಲ ಗಿರಾಕಿಯಾಗಲು ಒಬ್ಬ ಹಿರಿಯರಿದ್ದರು. ಈ ಮೂರೂ ಕೂಡಿಬರದ ಸಾವಿರಾರು ಹೆಂಗಸರಿಗೆ ಛಲದ ಪಾಠ ಹೇಳುವುದಕ್ಕಿಂತ ಕಲಿಯುವ ಜಾಗ, ಕಲಿಯುವಷ್ಟು ದಿನದ ಖರ್ಚು ಒದಗಿಸುವುದು ಉಪಯುಕ್ತ.

ಇನ್ನು ಸೆಲೂನುಗಳ ವಾದಕ್ಕೆ ಬರೋಣ. ಅವು ಹೇಳುವ ಕಾರಣಗಳು ನಾಲ್ಕು, ಎಲ್ಲವೂ ಮೇಲ್ನೋಟಕ್ಕೆ ಒಪ್ಪುವಂಥವು.

ಮೊದಲನೆಯದು, ಗಿರಾಕಿಗೆ ಎಳೆಯ ಮುಖ ಬೇಕು. ಯಾವ ಗಿರಾಕಿಗೆ? ಪಾರ್ಲರಿಗೆ ನಿಯಮಿತವಾಗಿ ಮರಳಿ ಬರುವವರಲ್ಲಿ ದೊಡ್ಡ ಗುಂಪು ನರೆಗೂದಲಿಗೆ ಬಣ್ಣ ಹಾಕಿಸಿಕೊಳ್ಳುವವರದು. ಬುಡದಲ್ಲಿ ಬಿಳಿ ಕಂಡಾಗಲೆಲ್ಲ ಅವರು ಬರಲೇಬೇಕು. ಬಣ್ಣಕ್ಕೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಮಡಿಕೆಯಲ್ಲೋ ತುಸು ಹಚ್ಚಿ 48 ಗಂಟೆ ಕಾದು ಅಲರ್ಜಿ ಇದೆಯೇ ನೋಡಬೇಕು. ಗಾಢ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರ ಮುಖವನ್ನೇ ಊದಿಸಿಬಿಡುತ್ತದೆ. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೀರಾ, ಹೆರಿಗೆಯಾದ ಮೇಲೆ ಕೂದಲು ಉದುರುತ್ತಿದೆಯೇ, ಹಿಂದೆ ಮೆಹಂದಿ ಹಾಕಿದ್ದಿರಾ ಎಂದೆಲ್ಲ ಕೇಳಬೇಕು. ಮುಟ್ಟು ನಿಲ್ಲುವ ಹೊತ್ತಿಗೆ ನೆತ್ತಿಯ ಕೂದಲು ತೆಳುವಾಯಿತೆಂದು ಸಂಕಟಪಡುವ ಐವತ್ತರ ಗಿರಾಕಿ ಇದನ್ನು ಹತ್ತೊಂಬತ್ತರ ಹುಡುಗಿಯೊಂದಿಗೆ ಬಿಚ್ಚಿ ಮಾತಾಡುವುದು ಸುಲಭವೇ, ತನ್ನ ಓರಗೆಯವಳೊಂದಿಗೆ ಸುಲಭವೇ? ಎಳೆಯ ಮುಖ ಬೇಕು ಎಂಬುದು ಗಿರಾಕಿಯನ್ನು ಕೇಳಿ ಬಂದ ಮಾತಿಗಿಂತ ಮಾಲೀಕರು ಗಿರಾಕಿಯ ಬಾಯಲ್ಲಿ ಇಟ್ಟ ಮಾತು.

ಎರಡನೆಯದು, ದಿನವಿಡೀ ನಿಲ್ಲಲು ಆಗದು. ನಿಲ್ಲುವುದು ನಿಜಕ್ಕೂ ಕಷ್ಟ. ಇಪ್ಪತ್ತರ ಹುಡುಗಿಗೂ ಕಷ್ಟ; ಕಾಲಿನ ನರ ಉಬ್ಬುವುದು, ಶಾಂಪೂ ನೀರಿನಲ್ಲಿ ಸದಾ ನೆನೆದು ಬೆರಳ ಸಂದಿ ಸೀಳುವುದು ವಯಸ್ಸು ಕೇಳಿ ಬರುವುದಿಲ್ಲ. ಇದಕ್ಕೆ ಪರಿಹಾರ ಚಕ್ರವಿರುವ ಸ್ಟೂಲು, ಎತ್ತರ ಹೊಂದಿಸುವ ಕುರ್ಚಿ, ಕೈಗವಸು, ಗಿರಾಕಿಗಳ ನಡುವೆ ಹತ್ತು ನಿಮಿಷದ ಬಿಡುವು. ಜವಳಿ ಅಂಗಡಿಗಳಲ್ಲಿ ಕೂರುವ ಹಕ್ಕಿಗಾಗಿ ಹೆಂಗಸರು ಹೋರಾಡಿದ ಮೇಲೆ ಕೇರಳ 2018ರಲ್ಲಿ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಕೂರಲು ಜಾಗ ಕೊಡದೆ, ನಿಲ್ಲಲಾಗದವರು ಬೇಡ ಎನ್ನುವುದು ಕೆಲಸದ ಜಾಗದ ದೋಷವನ್ನು ಕೆಲಸಗಾರಳ ದೇಹಕ್ಕೆ ಅಂಟಿಸಿದಂತೆ.

ಮೂರನೆಯದು, ಕಣ್ಣು ಮತ್ತು ಕೈ. ನಲವತ್ತು ದಾಟಿದವರಿಗೆ ಹತ್ತಿರದ ನೋಟ ಮಸುಕಾಗುವುದು ಸಹಜ. ಹುಬ್ಬಿಗೆ ದಾರ ಹಿಡಿಯುವವಳಿಗೆ ಅದು ತೊಡಕೇ. ಕೆಲವು ನೂರು ರೂಪಾಯಿಯ ಕನ್ನಡಕ ಆ ತೊಡಕನ್ನು ತೀರಿಸುತ್ತದೆ. ಕೈಯ ಮಾತಿಗೆ ಬಂದರೆ, ಮೂವತ್ತು ವರ್ಷ ಅಡುಗೆ ಮಾಡಿ, ಹೊಲಿದು, ಹೂ ಕಟ್ಟಿ, ಮಕ್ಕಳಿಗೆ ಎರಡು ಜಡೆ ಹೆಣೆದ ಕೈಗಳು ಅವು. ಕೂದಲನ್ನು ಬೈತಲೆ ತೆಗೆದು ಭಾಗ ಮಾಡುವುದು, ಎಷ್ಟು ಎತ್ತಿ ಹಿಡಿದರೆ ಎಷ್ಟು ಲೇಯರ್ ಬರುತ್ತದೆ ಎಂದು ಅಂದಾಜಿಸುವುದು, ಒದ್ದೆ ಕೂದಲು ಒಣಗಿದಾಗ ಮೇಲೇರುವುದನ್ನು ಮೊದಲೇ ಲೆಕ್ಕ ಹಾಕುವುದು ಅಭ್ಯಾಸದಿಂದ ಬರುವ ವಿದ್ಯೆ. ಡಮ್ಮಿ ತಲೆಯ ಮೇಲೆ ಕತ್ತರಿ ಆಡಿಸಲು ಬಿಟ್ಟಷ್ಟೂ ಬರುತ್ತದೆ, ಬಿಡದಿದ್ದರೆ ಹದಿನೆಂಟಕ್ಕೂ ಬರುವುದಿಲ್ಲ.

ನಾಲ್ಕನೆಯದು ನಿಜವಾದ ಕಾರಣಕ್ಕೆ ಹತ್ತಿರವಿದೆ: ವಯಸ್ಸಾದವರು ತಮಗಿಂತ ಚಿಕ್ಕವರ ಮಾತು ಕೇಳುವುದಿಲ್ಲ. ಪಾರ್ಲರಿನಲ್ಲಿ ಇಪ್ಪತ್ತಾರರ ಸೀನಿಯರ್, ನಲವತ್ತೆರಡರ ಹೊಸಬಳನ್ನು ‘ಅಕ್ಕಾ’ ಎಂದೇ ಕರೆದು ಕೆಲಸ ಹೇಳಬೇಕಾಗುತ್ತದೆ. ಮನೆಮನೆಯಲ್ಲಿ ಸೊಸೆಯಿಂದ ಮೊಬೈಲ್ ಕಲಿತ ಅತ್ತೆಯರಿರುವ ಕಾಲದಲ್ಲಿ ಇದು ಅಸಾಧ್ಯವೇನೂ ಅಲ್ಲ. ಅಡ್ಡಿ ಬೇರೆ ಕಡೆ ಇದೆ. ಅನೇಕ ಸೆಲೂನುಗಳಲ್ಲಿ ಹೊಸಬರು ಮೊದಲ ತಿಂಗಳುಗಳಲ್ಲಿ ಮಾಡುವುದು ಟವೆಲ್ ಒಗೆಯುವುದು, ಕೂದಲು ಗುಡಿಸುವುದು, ಟೀ ತರುವುದು, ತಲೆ ತೊಳೆಯುವುದು. ಕಲಿಕೆಯ ಹೆಸರಿನಲ್ಲಿ ಸಿಗುವ ಅಗ್ಗದ ದುಡಿಮೆ ಅದು. ಹದಿನೆಂಟರ ಹುಡುಗಿ ಮನೆಯಲ್ಲಿ ಅಪ್ಪ ಅಮ್ಮನ ಅನ್ನ ಉಣ್ಣುತ್ತಾಳೆ, ಸುಮ್ಮನೆ ಕಾಯುತ್ತಾಳೆ. ನಲವತ್ತೆರಡರವಳು ಮೂರನೇ ತಿಂಗಳಿಗೇ ‘ಕತ್ತರಿ ಯಾವಾಗ ಕೊಡ್ತೀರಿ? ಸಂಬಳ ಯಾವಾಗ ಕೊಡ್ತೀರಿ?’ ಎಂದು ಕೇಳುತ್ತಾಳೆ. ಮಾಲೀಕರಿಗೆ ಅವಳ ಕಲಿಯುವ ಶಕ್ತಿಯ ಬಗ್ಗೆ ಅನುಮಾನವಿಲ್ಲ. ಅವಳ ಪ್ರಶ್ನೆಯ ಬಗ್ಗೆ ಭಯವಿದೆ.

ಇದೇ ಉದ್ಯಮ ನಡುವಯಸ್ಸಿನ ಹೆಂಗಸನ್ನು ಇನ್ನೊಂದು ಬಾಗಿಲಿನಿಂದ ಕೈಮುಗಿದು ಒಳಕರೆಯುತ್ತದೆ. 2000ದಲ್ಲಿ ಚೆನ್ನೈಯಲ್ಲಿ ವೀಣಾ ಕುಮಾರವೇಲ್ ಆರಂಭಿಸಿದ ನ್ಯಾಚುರಲ್ಸ್, ಗೃಹಿಣಿಯರನ್ನು ಫ್ರಾಂಚೈಸಿ ಮಾಲೀಕರನ್ನಾಗಿ ಮಾಡಿಯೇ ದೇಶದಾದ್ಯಂತ ಬೆಳೆಯಿತು. ಅದು ಮೆಚ್ಚತಕ್ಕದ್ದೇ. ಆದರೆ ಅದರಿಂದ ತಿಳಿಯುವ ಸಂಗತಿ ಸ್ಪಷ್ಟ: ಬಂಡವಾಳ ತಂದರೆ ವಯಸ್ಸು ಅನುಭವ, ಸಂಬಳ ಕೇಳಿದರೆ ವಯಸ್ಸು ಹೊರೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ನಲವತ್ತೈದು ಒಳ್ಳೆಯ ವಯಸ್ಸಾದರೆ ಕುರ್ಚಿಯ ಹಿಂದೆ ನಿಲ್ಲಲು ಏಕಲ್ಲ?

ಕಾನೂನಿನ ಆಸರೆಯೂ ಇಲ್ಲಿಲ್ಲ. ಸಂವಿಧಾನದ 15 ಮತ್ತು 16ನೇ ವಿಧಿಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇತ್ಯಾದಿಗಳ ಆಧಾರದ ತಾರತಮ್ಯವನ್ನು ಹೆಸರಿಸಿ ನಿಷೇಧಿಸುತ್ತವೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಲಿಂಗದ ಆಧಾರದ ಭೇದವನ್ನು ತಡೆಯುತ್ತದೆ, ವಯಸ್ಸಿನದ್ದನ್ನಲ್ಲ. ಹೀಗಾಗಿ ‘30ರೊಳಗಿನವರು ಮಾತ್ರ ಬನ್ನಿ’ ಎಂದು ಖಾಸಗಿ ಸೆಲೂನು ಬಾಗಿಲಿಗೆ ಬರೆದು ಅಂಟಿಸಿದರೂ ಕೇಳುವವರಿಲ್ಲ.

ಇದು ಬಡ ದೇಶದ ಕೊರತೆ, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಎಂದುಕೊಂಡರೆ ಇಂಗ್ಲೆಂಡನ್ನು ನೋಡಬೇಕು. ಅಲ್ಲಿ 2010ರ ಸಮಾನತಾ ಕಾಯ್ದೆ ವಯಸ್ಸಿನ ತಾರತಮ್ಯವನ್ನು ನಿಷೇಧಿಸುತ್ತದೆ. ಕೂದಲು ಕತ್ತರಿಸಲು ಪರವಾನಗಿಯೂ ಬೇಡ. 1964ರ ಕಾಯ್ದೆಯಡಿ ಕೇಶ ವಿನ್ಯಾಸಕರ ನೋಂದಣಿ ಐಚ್ಛಿಕ. ಆದರೂ ವಯಸ್ಸಿಗೊಂದು ಬೆಲೆ ಅಲ್ಲಿ ಅಚ್ಚಾಗಿದೆ. 2025ರ ಏಪ್ರಿಲ್‌ನಿಂದ ಅಪ್ರೆಂಟಿಸ್‌ಗೆ ಗಂಟೆಗೆ ಕನಿಷ್ಠ 7.55 ಪೌಂಡ್, 21 ದಾಟಿದ ಕೆಲಸಗಾರರಿಗೆ 12.21 ಪೌಂಡ್ ಇತ್ತು. ಹತ್ತೊಂಬತ್ತು ದಾಟಿದ ಅಪ್ರೆಂಟಿಸ್‌ಗೆ ಕಡಿಮೆ ದರ ಕೊಡಬಹುದಾದದ್ದು ಮೊದಲ ವರ್ಷ ಮಾತ್ರ. ಆ ದರದಲ್ಲಿ ಎರಡನೇ ವರ್ಷ ಮೂವತ್ತೈದರ ಕಲಿಯುವವಳಿಗೆ 12.21 ಕೊಡಬೇಕಿತ್ತು, ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವ ಹದಿನೇಳರವಳಿಗೆ 7.55 ಸಾಕಿತ್ತು. 2016ರಿಂದ 25ರೊಳಗಿನ ಅಪ್ರೆಂಟಿಸ್‌ಗಳ ವೇತನದ ಮೇಲೆ, ಒಂದು ಮಿತಿಯವರೆಗೆ, ಮಾಲೀಕರು ರಾಷ್ಟ್ರೀಯ ವಿಮೆಯ ವಂತಿಗೆ ಕಟ್ಟಬೇಕಿಲ್ಲ. 2024ರ ಏಪ್ರಿಲ್‌ನಿಂದ ಸಣ್ಣ ಉದ್ಯಮಗಳು 22ರೊಳಗಿನವರ ತರಬೇತಿ ವೆಚ್ಚದಲ್ಲಿ ಬಿಡಿಗಾಸೂ ಕೊಡಬೇಕಿಲ್ಲ ಎಂದಾಯಿತು. ಅದಕ್ಕಿಂತ ದೊಡ್ಡವರಿಗೆ ಶೇ 5 ಕೊಡಬೇಕಾಗಿತ್ತು. 16ರಿಂದ 18ರವರನ್ನು ಸೇರಿಸಿಕೊಂಡರೆ 1,000 ಪೌಂಡ್ ಪ್ರೋತ್ಸಾಹಧನ ಬೇರೆ.

ದೊಡ್ಡವಳಿಗೆ ಪೂರ್ಣ ಕೂಲಿ ಸಿಗುವುದು ನ್ಯಾಯವೇ. ಅದನ್ನು ಕಡಿಮೆ ಮಾಡಬೇಕೆಂದು ಯಾರೂ ಹೇಳಬಾರದು. ತಪ್ಪಿರುವುದು, ಆ ಹೆಚ್ಚುವರಿ ವೆಚ್ಚವನ್ನು ಸರ್ಕಾರ ಹಂಚಿಕೊಳ್ಳದೆ, ಸಹಾಯವನ್ನೆಲ್ಲ ಮೊದಲೇ ಅಗ್ಗವಾಗಿರುವವರ ಕಡೆಗೇ ಸುರಿದದ್ದರಲ್ಲಿ. ಎರಡು ಕುರ್ಚಿಯ ಸಣ್ಣ ಸೆಲೂನಿನ ಒಡತಿ ಕಾಗದ ಪೆನ್ಸಿಲ್ ಹಿಡಿದು ಕೂತರೆ ಹದಿನೇಳರವಳೇ ಗೆಲ್ಲುತ್ತಾಳೆ. ಆ ಒಡತಿಯ ಮನಸ್ಸಿನಲ್ಲಿ ಪೂರ್ವಗ್ರಹ ಇಲ್ಲದಿದ್ದರೂ ಫಲಿತಾಂಶ ಅದೇ. ತಾರತಮ್ಯ ನಿಷೇಧಿಸಿದ ಸರ್ಕಾರವೇ ಅದಕ್ಕೆ ರಿಯಾಯಿತಿ ಕೊಡುತ್ತಿದೆ.

ಎಲ್ಲ ವಯಸ್ಸಿಗೂ ಹಣ ತೆರೆದರೆ ಸಾಕೇ? ಸಾಲದು, ಅದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿನ ಪೆಲ್ ಅನುದಾನಕ್ಕೆ ವಯಸ್ಸಿನ ಮಿತಿ ಇಲ್ಲ; ಮಾನ್ಯತೆ ಪಡೆದ ಸೌಂದರ್ಯ ಶಾಲೆಗಳಲ್ಲಿ ಅರ್ಹರಾದ ಬಡವರು ಯಾವ ವಯಸ್ಸಿನಲ್ಲೂ ಅದನ್ನು ಬಳಸಬಹುದು. ಆದರೆ ಪರವಾನಗಿಗೆ ಸಾವಿರ ಗಂಟೆ, ಕೆಲವೆಡೆ ಅದಕ್ಕೂ ಹೆಚ್ಚಿನ ತರಬೇತಿ ಬೇಕಾದ ಆ ದೇಶದಲ್ಲಿ ಶಾಲೆಗಳು ಶುಲ್ಕ ಏರಿಸಿ ವಿದ್ಯಾರ್ಥಿಗಳನ್ನು ಸಾಲಕ್ಕೆ ದೂಡಿದವು. ಮರಿನೆಲ್ಲೊ ಎಂಬ ಸೌಂದರ್ಯ ಶಾಲೆಗಳ ಸರಣಿಗೆ ಸರ್ಕಾರ ನೆರವು ನಿಲ್ಲಿಸಿದ ಮೇಲೆ 2016ರಲ್ಲಿ ಅದು ಏಕಾಏಕಿ ಬಾಗಿಲು ಮುಚ್ಚಿತು. ಕಲಿಯುತ್ತಿದ್ದವರು ನಡುನೀರಿನಲ್ಲಿ ಉಳಿದರು. ನಮ್ಮಲ್ಲೂ ಖಾಸಗಿ ಅಕಾಡೆಮಿಗಳ ಶುಲ್ಕ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೆ ಇದೆ. 2024ರ ಜುಲೈಯಲ್ಲಿ ಕೇಂದ್ರವು ಮಾದರಿ ಕೌಶಲ ಸಾಲದ ಮಿತಿಯನ್ನು ₹1.5 ಲಕ್ಷದಿಂದ ₹7.5 ಲಕ್ಷಕ್ಕೆ ಏರಿಸಿತು. ಸಾಲ ಸಿಕ್ಕಿತೆಂದು ಕೆಲಸ ಸಿಗುವುದಿಲ್ಲ. ವಯಸ್ಸಿನ ಕಾರಣಕ್ಕೆ ಸೆಲೂನು ಬೇಡವೆಂದ ಮೇಲೆ ಆ ಹೆಂಗಸಿಗೆ ಉಳಿಯುವುದು ಕಂತು ಮಾತ್ರ.

ಈಗ ಹಣಕಾಸಿನವರ ಕೊನೆಯ ವಾದ: ಇರುವ ಹಣ ಸೀಮಿತ, ಹೆಚ್ಚು ವರ್ಷ ದುಡಿಯುವವರ ಮೇಲೆ ಹಾಕುವುದೇ ಜಾಣತನ. ಕೇಳಲು ಚೆನ್ನಾಗಿದೆ. ವೈದ್ಯ ವಿದ್ಯೆಯಂಥ ಹತ್ತು ವರ್ಷದ ಓದಿಗೆ ಈ ಲೆಕ್ಕ ಒಪ್ಪಬಹುದು. ಕೆಲವು ನೂರು ಗಂಟೆಗಳ ಕೋರ್ಸಿನ ಖರ್ಚು ಮರಳಲು ಮೂವತ್ತು ವರ್ಷ ಬೇಕೇ? ನಲವತ್ತೇಳರಲ್ಲಿ ಕಲಿತವಳಿಗೆ ಅರವತ್ತರವರೆಗೆ ಹದಿಮೂರು ವರ್ಷಗಳಿವೆ, ಸ್ವಂತ ಪಾರ್ಲರ್ ಇಟ್ಟರೆ ಇನ್ನೂ ಹೆಚ್ಚು. ಇನ್ನು ‘ಜನಸಂಖ್ಯಾ ಲಾಭ’ ಎಂಬ ಮಂತ್ರ. ಆ ಲೆಕ್ಕದಲ್ಲಿ ದುಡಿಯುವ ವಯಸ್ಸೆಂದು ಪರಿಗಣಿಸುವುದೇ 15ರಿಂದ 64. ದೇಶದ ಲಾಭ ಎಣಿಸುವಾಗ ಐವತ್ತರವಳನ್ನು ಸೇರಿಸಿ, ತರಬೇತಿ ಕೊಡುವಾಗ ಬಿಡುವುದು ಯಾವ ಗಣಿತ?

ಎಳೆಯರ ಮೇಲೆ ಹಾಕಿದ ಹಣ ತಾನಾಗಿಯೇ ಫಲ ಕೊಡುತ್ತದೆ ಎಂಬುದೂ ಭ್ರಮೆ. ಕೌಶಲ ವಿಕಾಸ ಯೋಜನೆಯ ಕುರಿತ ಮಹಾಲೇಖಪಾಲರ ವರದಿ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ಬಹುಪಾಲು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ವಿವರ ಖಾಲಿ ಅಥವಾ ಅಮಾನ್ಯ ಎಂದು ಅದು ಹೇಳಿತು. ವಯಸ್ಸಿನ ಕಲಂ ಅಷ್ಟು ಕಟ್ಟುನಿಟ್ಟಾಗಿ ನೋಡುವ ವ್ಯವಸ್ಥೆಗೆ ಖಾತೆಯ ಕಲಂ ನೋಡಲು ಪುರುಸೊತ್ತಾಗಲಿಲ್ಲ.

ಹೆಂಗಸರು ದುಡಿಯಲು ಬರುವುದು ಯಾವಾಗ ಎಂಬುದನ್ನೂ ಯೋಜನೆ ಬರೆದವರು ಗಮನಿಸಿದಂತಿಲ್ಲ. ಕೇಂದ್ರದ ದುಡಿಮೆ ಸಮೀಕ್ಷೆಯ ಪ್ರಕಾರ 15 ದಾಟಿದ ಮಹಿಳೆಯರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪಾಲು 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿತು. ಅದೇ ವರ್ಷ 15ರಿಂದ 29ರ ಹೆಂಗಸರಲ್ಲಿ ಆ ಪಾಲು ಶೇ 28.8 ಮಾತ್ರ. ಅಂದರೆ ಮೂವತ್ತು ದಾಟಿದವರೇ ಹೆಚ್ಚಾಗಿ ದುಡಿಮೆಗೆ ಇಳಿಯುತ್ತಿದ್ದಾರೆ. ಕಾರಣ ತಿಳಿಯಲು ಸಂಶೋಧನೆ ಬೇಡ: ಇಪ್ಪತ್ತರಲ್ಲಿ ಓದು, ಆಮೇಲೆ ಮದುವೆ, ಹೆರಿಗೆ, ಮಗುವಿನ ಶಾಲೆ. ಬಿಡುವು ಸಿಗುವ ಹೊತ್ತಿಗೆ ರಾಜ್ಯದ ಯೋಜನೆಯ ಬಾಗಿಲು ಮುಚ್ಚಿರುತ್ತದೆ. ಹರಿಯುವ ನೀರನ್ನು ಬಿಟ್ಟು ಬತ್ತಿದ ಕಾಲುವೆಗೆ ತೂಬು ಕಟ್ಟಿದಂತಿದೆ ಈ ಏರ್ಪಾಡು.

ಕರ್ನಾಟಕಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಟ್ಟಿದೆ. ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಮನೆಯ ಯಜಮಾನಿಗೆ ತಿಂಗಳಿಗೆ ₹2,000 ಕೊಡುತ್ತದೆ, ಐವತ್ತಾದರೂ ಅರವತ್ತಾದರೂ. ತರಬೇತಿ ಕೇಂದ್ರಕ್ಕೆ ಹೋಗುವ ಬಸ್ಸೂ ಕಲಿಯುವ ದಿನಗಳ ಕೈಖರ್ಚೂ ಹೀಗೆ ಅರ್ಧ ಒದಗಿದಂತಾಯಿತು. ಅದೇ ಸರ್ಕಾರದ ಕೌಶಲ ಯೋಜನೆ ಮಾತ್ರ 35ರಲ್ಲೇ ನಿಂತಿದೆ. ಐವತ್ತರ ಹೆಂಗಸಿಗೆ ಹಣ ಕೊಡಲು ಒಪ್ಪುವ ರಾಜ್ಯ ಅವಳಿಗೆ ವಿದ್ಯೆ ಕೊಡಲು ಒಪ್ಪುವುದಿಲ್ಲ.

ತಿದ್ದಬೇಕಾದದ್ದು ದೊಡ್ಡ ಪಟ್ಟಿಯೇನಲ್ಲ. ರಾಜ್ಯ ಸರ್ಕಾರ ತನ್ನ 35ರ ಗೆರೆಯನ್ನು, ಕೇಂದ್ರ ತನ್ನ 45ರ ಗೆರೆಯನ್ನು ತೆಗೆದು, ಪ್ರಮಾಣಪತ್ರ ವಿಭಾಗದಲ್ಲಿ ತಾನೇ ಒಪ್ಪಿರುವ 59ನ್ನು ಹೊಸ ಕಲಿಕೆಗೂ ಅನ್ವಯಿಸಬೇಕು. ಅಪ್ರೆಂಟಿಸ್ ಶಿಷ್ಯವೇತನದ ಪಾಲು 35ಕ್ಕೆ ನಿಲ್ಲದೆ, ಸಂಸಾರದ ಹೊಣೆಯಿರುವವರಿಗೆ ಹೆಚ್ಚಾಗಬೇಕು. ಈಗಿನ ನಿಯಮದಲ್ಲಿ ನಾಲ್ಕು ಜನರಿಗಿಂತ ಕಡಿಮೆ ಇರುವ ಅಂಗಡಿ ಅಪ್ರೆಂಟಿಸ್ ವ್ಯವಸ್ಥೆಗೇ ಸೇರುವುದಿಲ್ಲ. ನಾವು ದಿನವೂ ನೋಡುವ ಬೀದಿ ಬದಿಯ ಪಾರ್ಲರುಗಳು ಹೆಚ್ಚಿನವು ಅಂಥವೇ. ಅಂಥ ಹತ್ತು ಹದಿನೈದು ಅಂಗಡಿಗಳನ್ನು ಒಂದು ಗುಂಪಾಗಿ ನೋಂದಾಯಿಸಿ, ಪಕ್ಕದ ಐಟಿಐ ಅಥವಾ ರುಡ್‌ಸೆಟ್ ಕೇಂದ್ರಕ್ಕೆ ಜೋಡಿಸಿದರೆ ಕಲಿಸುವ ಜಾಗ ಊರೂರಿನಲ್ಲಿ ಸಿಗುತ್ತದೆ. ವಿಶ್ವಕರ್ಮ ಯೋಜನೆಯ ‘ಕುಟುಂಬಕ್ಕೊಬ್ಬರು’ ಷರತ್ತು ತರಬೇತಿಯ ಮಟ್ಟಿಗಾದರೂ ಹೋಗಬೇಕು. ಸಾಲಕ್ಕೆ ಬೇಕಾದರೆ ಇಟ್ಟುಕೊಳ್ಳಲಿ.

ಸೆಲೂನುಗಳಿಗೆ ಹೇಳಬೇಕಾದದ್ದೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಸೇವೆಗಳ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವ ಅವಕಾಶ ಹೋಯಿತೆಂಬ ತಕರಾರು ಇದ್ದರೂ, ಉದ್ಯಮಕ್ಕೆ ಸರ್ಕಾರ ಕೊಟ್ಟ ದೊಡ್ಡ ಉಡುಗೊರೆ ಅದು. ಬದಲಿಗೆ ಉದ್ಯಮದಿಂದ ಏನು ಕೇಳಲಾಯಿತು? ಏನೂ ಇಲ್ಲ. ಸರ್ಕಾರದ ತರಬೇತಿ ಹಣ ಮುಟ್ಟುವ ಸರಣಿ ಸೆಲೂನುಗಳು ತಮ್ಮಲ್ಲಿ ಕಲಿಯಲು ಬಂದವರ ವಯಸ್ಸು, ಎಷ್ಟು ತಿಂಗಳಿಗೆ ಅವರ ಕೈಗೆ ಕತ್ತರಿ ಸಿಕ್ಕಿತು, ಎಷ್ಟು ಜನರಿಗೆ ಸಂಬಳದ ಕೆಲಸ ಸಿಕ್ಕಿತು ಎಂಬ ಮೂರು ಅಂಕಿಗಳನ್ನು ಪ್ರತಿವರ್ಷ ಪ್ರಕಟಿಸಬೇಕು ಎಂದಾದರೂ ಷರತ್ತು ಹಾಕಬಹುದು. ಕೌಶಲ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಈ ಕೆಲಸ ಶುರುವಾಗುತ್ತದೆ. ಮುಂದಿನ ಆಯವ್ಯಯಕ್ಕೆ ಕಾಯಬೇಕಾಗಿಲ್ಲ.